ಅಕ್ಕನ ಗಾಡಿ, ಅಕ್ಕೋರ ತಲೆನೋವು

ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳಬಾರದು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ನಾನು ಆ ಮಾತು ಕೇಳಿದವನಲ್ಲ. ಟರ್ಬೊ ಗಾಡಿಯ ಎಂಜಿನ್ನಿನಲ್ಲಿ ಹೊಗೆ ಎಲ್ಲಿ ಸೋರುತ್ತಿದೆ ಎಂದು ಹುಡುಕಿ ಮುಚ್ಚುವುದರಲ್ಲಿ ಹುನಗುಂದದಿಂದ ಬಾದಾಮಿಯವರೆಗೆ ನನ್ನ ಸಮ ಯಾರೂ ಇಲ್ಲ. ಬೇಕಾದರೆ ಕುಳಗೇರಿ ಕ್ರಾಸಿನಲ್ಲಿ ನಿಂತಿರುವ ಬಾಡಿಗೆ ಗಾಡಿಯವರನ್ನು ಕೇಳಿ ನೋಡಿ. ಪ್ರವಾಸಿಗರನ್ನು ಹತ್ತಿಸಿಕೊಂಡು ಬಾದಾಮಿ, ಪಟ್ಟದಕಲ್ಲು ಎಂದು ದಿನವಿಡೀ ತಿರುಗುವ ಆ ಡ್ರೈವರುಗಳಿಗೆ ಬಾನೆಟ್ಟಿನೊಳಗೆ ಒಂದು ಸಣ್ಣ ಸೀಟಿ ಕೇಳಿಸಿದರೂ ಸಾಕು, ಹುನಗುಂದದ ಹೊರಗಿರುವ ನನ್ನ ಗ್ಯಾರೇಜಿನ ದಾರಿ ಹಿಡಿಯುತ್ತಾರೆ. ಬಂದವರು ಮೊದಲು ನನ್ನ ಬೈಗುಳ ತಿನ್ನುತ್ತಾರೆ, ಆಮೇಲೆ ಚಹಾ ಕುಡಿಯುತ್ತಾರೆ. ನನಗೆ ಸಿಟ್ಟು ಬೇಗ. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಕಡೆ ಏರು ಹತ್ತುವಾಗ ಎಳೆಯದ ಗಾಡಿಗೆ ‘ದಮ್ ಹಿಡಿವಲ್ದು’, ಅಂದರೆ ಉಸಿರು ಹಿಡಿಯುತ್ತಿಲ್ಲ, ಎನ್ನುತ್ತಾರೆ. ಈ ಮಾತು ಹುಟ್ಟಿಸಿದವನು ಎಂಜಿನ್ನನ್ನು ಚೆನ್ನಾಗಿ ಬಲ್ಲವನೇ ಇರಬೇಕು. ಟರ್ಬೊ ಎಂದರೆ ಉಸಿರಿನ ವಿದ್ಯೆಯೇ. ಎಂಜಿನ್ ಬಿಟ್ಟ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಫ್ಯಾನನ್ನು ತಿರುಗಿಸುತ್ತದೆ. ಅದರ ಜೋಡಿ ಫ್ಯಾನು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಎಂಜಿನ್ನಿನಿಂದ ಫ್ಯಾನಿನವರೆಗೆ ಹೊಗೆ ಒಯ್ಯುವ ಬೀಡುಕಬ್ಬಿಣದ ಕೊಳವೆಗಳ ಗೊಂಚಲಿಗೆ ಮ್ಯಾನಿಫೋಲ್ಡ್ ಎನ್ನುತ್ತೇವೆ. ಕಾರಿನ ಹುಚ್ಚು ಹಿಡಿದವರು ಅದನ್ನು ಸ್ಟೀಲ್ ಪೈಪಿನಲ್ಲಿ ಮಾಡಿಸಿಕೊಂಡು ಹೆಡರ್ ಎನ್ನುತ್ತಾರೆ. ಹೆಸರು ಯಾವುದಾದರೇನು, ಆ ದಾರಿಯಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೆ ದಮ್ಮು ಸೋರಿಹೋಗುತ್ತದೆ. ದಮ್ಮು ಹೋದರೆ ಹೋಗಲಿ ಎನ್ನಬಹುದು. ಆದರೆ ಸೋರಿದ ಹೊಗೆ ಗಾಜಿನ ಬುಡದಲ್ಲಿರುವ ಗಾಳಿಕಿಂಡಿಯಿಂದ ಗಾಡಿಯ ಒಳಗೆ ಬಂದರೆ ಕೂತವರ ಜೀವಕ್ಕೇ ಕುತ್ತು. ಹೊಗೆಯಲ್ಲಿ ಮೂಗಿಗೆ ಸಿಗದ ವಿಷವೂ ಇರುತ್ತದೆ.

ನನ್ನ ಅಕ್ಕನ ಗಾಡಿಗೆ ಬಂದದ್ದು ಇದೇ ಪೀಡೆ.

ಅಕ್ಕ ಇರುವುದು ಇಳಕಲ್ಲಿನಲ್ಲಿ, ಭಾವನ ಜೊತೆ. ಮೊದಲು ಸೀರೆ ನೇಯುತ್ತಿದ್ದಳು. ಒಂದು ದಿನ ನನ್ನ ಗ್ಯಾರೇಜಿಗೆ ಬಂದು, “ತಮ್ಮಾ, ಮಗ್ಗದ ಕುಣಿಯೊಳಗ ಕಾಲಿಟ್ಟು ಕುಂತು ಕುಂತು ಸಾಕಾತು. ಈ ಕಾಲಿಗೆ ಬ್ಯಾರೆ ಕೆಲಸಾ ಕಲಸು” ಎಂದಳು. ಚೊಳಚಗುಡ್ಡದಲ್ಲಿ ನಮ್ಮ ಸೋದರಮಾವನ ಹೊಲದ ದಾರಿಯಲ್ಲಿ ಅವಳಿಗೆ ಗಾಡಿ ಕಲಿಸಿದವನು ನಾನೇ. ಮೊದಲ ದಿನವೇ ಜೋಳದೊಳಗೆ ನುಗ್ಗಿಸಿ, ಹೊಲವೇ ಅಡ್ಡ ಬಂತು ಎಂದು ವಾದ ಮಾಡಿದವಳು ಅವಳು. ಆದರೆ ಕಲಿತಳು, ಕಲಿತ ಮೇಲೆ ನನಗಿಂತ ನಯವಾಗಿ ಓಡಿಸತೊಡಗಿದಳು. ಅವಳು ಕ್ಲಚ್ ಬಿಡುವ ರೀತಿ ನೋಡಿದರೆ ನನಗೆ ಇಂದಿಗೂ ಹೆಮ್ಮೆ. ಅದಕ್ಕೂ ಒಂದು ಪಾಲು ಹೊಗಳಿಕೆ ನನಗೇ ಸಲ್ಲಬೇಕು.

ಏಳು ಮಂದಿ ಕೂರುವ ಹಳೆಯ ಟರ್ಬೊ ಡೀಸೆಲ್ ಗಾಡಿಯೊಂದನ್ನು ನಾನೇ ನೋಡಿ ಕೊಡಿಸಿದೆ. ಅದರಲ್ಲಿ ಅವಳು ದಿನಾ ಅಕ್ಕೋರುಗಳನ್ನು ಶಾಲೆಗೆ ಬಿಟ್ಟು ಬರುತ್ತಾಳೆ. ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು. ಇಳಕಲ್ಲಿನಲ್ಲಿ ಮನೆ ಮಾಡಿಕೊಂಡು ಹುನಗುಂದದ ಆಚೆಯ ಹಳ್ಳಿಯಲ್ಲಿ ಕೆಲಸ ಮಾಡುವ ಈ ಅಕ್ಕೋರುಗಳಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ನನ್ನ ಅಕ್ಕ ಅವರನ್ನು ಅಕ್ಕೋರ ಎನ್ನುತ್ತಾಳೆ, ಅವರು ಇವಳನ್ನು ಅಕ್ಕಾರ ಎನ್ನುತ್ತಾರೆ. ಆ ಗಾಡಿಯಲ್ಲಿ ತಂಗಿ ಎನ್ನುವವರೇ ಇಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಮಗ್ಗದಿಂದ ಎದ್ದು ಬಂದ ಹೆಣ್ಣುಮಗಳಿಗೆ ಕಲಿತವರು ಅಕ್ಕಾರ ಎನ್ನುವುದು ಎಷ್ಟು ದೊಡ್ಡದು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಚಳಿಗಾಲ ಬಂತು. ಬೆಳಗಿನ ಥಂಡಿಗೆ ಎಲ್ಲರೂ ಗಾಜು ಏರಿಸಿ ಕೂರತೊಡಗಿದರು. ಅಲ್ಲಿಂದ ಶುರುವಾಯಿತು. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಹೊಟ್ಟೆ ತೊಳಸುವುದು. ಅವರಲ್ಲಿ ಒಬ್ಬ ಸಣ್ಣ ಅಕ್ಕೋರು ಬಸುರಿ. ಮುಂದಿನ ಸೀಟು ಅವರದೇ. ಶಾಲೆಯ ಗೇಟಿನಲ್ಲಿ ಇಳಿಯುವಾಗ ಕಣ್ಣು ಕತ್ತಲಿಟ್ಟು ಬಾಗಿಲು ಹಿಡಿದು ನಿಂತುಬಿಟ್ಟರಂತೆ. ಬಸುರಿಗೆ ಇದೆಲ್ಲ ಸಹಜ ಎಂದು ಮೊದಲು ಎಲ್ಲರೂ ಅಂದುಕೊಂಡರು. ಬಸುರಿಯಲ್ಲದವರಿಗೂ ಹಾಗೇ ಆಗತೊಡಗಿದಾಗ, ಅಕ್ಕ ಬ್ರೇಕ್ ಜೋರಾಗಿ ಒತ್ತುತ್ತಾಳೆ, ಗಾಡಿ ಎಳೆದಾಡುತ್ತಾಳೆ ಎಂಬ ಮಾತು ಹುಟ್ಟಿತು. ಇಳಕಲ್ಲಿನ ಸ್ಟ್ಯಾಂಡಿನಲ್ಲಿ ಯಾರೋ, “ಹೆಣ್ಣಮಗಳು ಗಾಡಿ ಹೊಡದ್ರ ಇಷ್ಟ ಮತ್ತ” ಎಂದರಂತೆ. ಅದನ್ನು ಅಕ್ಕನೇ ನನಗೆ ಹೇಳಿದಳು. ಅಂದವನು ಯಾರೆಂದು ಅವಳು ಕೊನೆಗೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ, ಅದಕ್ಕೇ.

ಗಾಡಿಯನ್ನು ನನ್ನ ಹತ್ತಿರ ತಂದಳು. ಬೆಳಗಿನ ಹೊತ್ತು ಟಿಕ್ ಟಿಕ್ ಎಂದು ಸಣ್ಣ ಸದ್ದು ಇತ್ತು. ಹೊಗೆ ಸೋರುವ ಸದ್ದೇ ಅದು. ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವೆ ಸಂದು ಬಿಡದಂತೆ ಕೂರಿಸುವ ತೆಳು ಹಾಳೆಯನ್ನು, ಅಂದರೆ ಪ್ಯಾಕಿಂಗನ್ನು, ಬದಲಾಯಿಸಿದೆ. ಸದ್ದು ನಿಂತಿತು. ಕೆಲವು ದಿನ ಬಿಟ್ಟು ಮತ್ತೆ ತಲೆನೋವು. ಮತ್ತೆ ಬಂದಳು. ಈ ಸಲ ಸದ್ದೂ ಇಲ್ಲ, ಗುರುತೂ ಇಲ್ಲ. ಹೊಗೆ ಸೋರಿದಲ್ಲಿ ಮಸಿ ಹತ್ತಿರಬೇಕು. ಅದು ನಮ್ಮ ಕೆಲಸದ ಮೊದಲ ಪಾಠ. ಕಬ್ಬಿಣದ ಮೇಲೆ ನವಿಲುಗರಿಯಂತೆ ಕಪ್ಪಗೆ ಹರಡಿದ ಮಸಿ ಕಂಡರೆ ಅದರ ಬುಡದಲ್ಲೇ ಸಂದು. ಅಕ್ಕನ ಗಾಡಿಯಲ್ಲಿ ಮಸಿಯ ಸುಳಿವೇ ಇರಲಿಲ್ಲ, ಎಂಜಿನ್ ಹಬ್ಬದ ಮನೆಯ ಹಾಗೆ ತೊಳೆದು ಫಳಫಳ ಎನ್ನುತ್ತಿತ್ತು. ನಾನು ಎಲ್ಲ ನಟ್ಟು ಬಿಗಿದು, ಮ್ಯಾನಿಫೋಲ್ಡಿನ ಮೇಲೆ ಶಾಖ ತಡೆಯುವ ತಗಡಿನ ಮುಚ್ಚಳದ ಬೋಲ್ಟು ಸವೆದಿದ್ದರಿಂದ ಆ ಮುಚ್ಚಳ ತೆಗೆದಿಟ್ಟು, ಗಾಡಿ ಕಳಿಸಿದೆ. ಬಾಗಲಕೋಟೆಯ ದೊಡ್ಡ ವರ್ಕ್‌ಶಾಪಿಗೂ ಒಯ್ದಳು. ಅಲ್ಲಿಯ ಎಂಜಿನಿಯರ್ ಒಳ್ಳೆಯ ಮನುಷ್ಯ, ನನಗೆ ಫೋನ್ ಮಾಡಿದ, ಇಬ್ಬರೂ ತಲೆ ಕೆರೆದುಕೊಂಡೆವು. ಕಂಪ್ಯೂಟರಿನಲ್ಲಿ ತಪ್ಪು ತೋರಿಸುತ್ತಿರಲಿಲ್ಲ.

ಆ ವಾರ ಗುರುವಾರ ಹಿರಿಯ ಅಕ್ಕೋರು ಮಾತು ಮುಗಿಸಿಬಿಟ್ಟರು. ಶಾಲೆಯ ಗೇಟಿನಲ್ಲಿ ಅವರು ಅಂದದ್ದನ್ನು ಅಕ್ಕ ನನಗೆ ಒಂದಕ್ಷರ ಬಿಡದೆ ಹೇಳಿದಳು. “ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಹೊಟ್ಯಾಗ ಕೂಸು ಇಟ್ಕೊಂಡಾಕಿನ್ನ ಕರಕೊಂಡು ಹಿಂಗ ಓಡ್ಯಾಡಾಕ ನಮಗ ಅಂಜಿಕಿ ಬರ್ತೈತಿ. ಶನಿವಾರತನಾ ನೋಡ್ತೇವ್ರಿ. ನೆಟ್ಟಗಾಗಲಿಲ್ಲಂದ್ರ ಸೋಮವಾರದಿಂದ ಬ್ಯಾರೆ ಗಾಡಿ ಹೇಳ್ಕೋತೇವಿ.” ತಪ್ಪು ಮಾತೇನಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಅವರು ಬೇರೆ ಗಾಡಿ ಹತ್ತಿದರೆ ಆ ಸ್ಟ್ಯಾಂಡಿನವನ ಮಾತು ಊರಿಗೆಲ್ಲ ಖರೆ ಆಗುತ್ತಿತ್ತು. ಅಕ್ಕ ಮತ್ತೆ ಸ್ಟೀರಿಂಗ್ ಮುಟ್ಟುತ್ತಿರಲಿಲ್ಲ. ನಾನು ಹುಟ್ಟಿದಾಗಿನಿಂದ ಅವಳನ್ನು ನೋಡಿದವನು, ನನಗೆ ಗೊತ್ತು.

ಅಕ್ಕೋರುಗಳನ್ನು ಶಾಲೆಗೆ ಬಿಟ್ಟು, ಸಂಜೆ ಬಸ್ಸಿಗೆ ಹೋಗಿರೆಂದು ಹೇಳಿ, ಅವಳು ಮೊದಲೇ ಅಂದುಕೊಂಡಿದ್ದಂತೆ ಅಂದೇ ನೇರ ನನ್ನ ಗ್ಯಾರೇಜಿಗೆ ಬಂದಳು. ಬಾನೆಟ್ ಎತ್ತಿದೆ. ಎಂಜಿನ್ ಮತ್ತೆ ತೊಳೆದಿತ್ತು. ಮೇಲೆ ಅಲ್ಲಲ್ಲಿ ಮೂರು ಬೆರಳಿನ ವಿಭೂತಿ ಪಟ್ಟೆ, ನಮ್ಮ ಕಡೆ ಈಬತ್ತಿ ಎನ್ನುವುದು, ನಡುವೆ ಕುಂಕುಮದ ಬೊಟ್ಟು. ನನ್ನ ನೆತ್ತಿಗೇರಿತು.

“ಎಂಜಿನ್ ತೊಳ್ಯಾಕ ಯಾರ್ ಹೇಳಿದ್ರು ನಿನಗ?” ಎಂದೆ.

“ಯಾರರ ಯಾಕ ಹೇಳಬೇಕು? ಮಿಸ್ತ್ರಿ ಕಡೆ ಹೋಗೂ ಗಾಡಿ ಹೊಲಸ ಒಯ್ಯಾಕ ಬರ್ತೈತೇನು? ದವಾಖಾನಿಗೆ ಹೋಗೂಮುಂದ ನೀ ಜಳಕಾ ಮಾಡಿ ಹೋಗೂದಿಲ್ಲ?”

“ಪ್ರತಿ ಸಲ ತೊಳದ ತಂದೀಯೇನು?”

“ಪ್ರತಿ ಸಲ. ತೊಳದು, ಒರಸಿ, ಈಬತ್ತಿ ಹಚ್ಚಿ ತಂದೇನಿ. ನಿನ್ನ ಮುಂದ ನಮ್ಮ ಗಾಡಿ ಮಾನಾ ಹೋಗಬಾರದು ಅಂತ.”

ನಾನು ನಟ್ಟು ಬಿಚ್ಚುವ ಪಾನಾ ಬೀಸಿ ಒಗೆದೆ. “ಮನಿಗೆ ಕಳ್ಳ ಬಂದು ಹೋಗ್ಯಾನ, ಪೊಲೀಸರು ಬರೂದ್ರಾಗ ನೀ ಅಂಗಳಾ ಸಾರ್ಸಿ ರಂಗೋಲಿ ಹಾಕಿ ಇಟ್ಟೀ. ಇನ್ನ ಹೆಜ್ಜಿ ಗುರ್ತು ಎಲ್ಲಿ ಹುಡುಕ್ಲಿ ನಾ?” ಎಂದು ಒದರಾಡಿದೆ. ಆ ಮಸಿಯೇ ನನಗೆ ಬೇಕಾದದ್ದು ಎಂದು ಆಗ ಬಿಡಿಸಿ ಹೇಳಿದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕೇಳಿದಳು. ಕೇಳಿ ಮುಗಿದ ಮೇಲೆ, “ಮಸಿ ಬೇಕಂತ ಮೊದಲ ಹೇಳಬಾರದೇನೋ? ನನಗೇನು ಕನಸು ಬಿದ್ದಿತ್ತೇನು?” ಎಂದು ಅವಳೂ ದನಿ ಏರಿಸಿದಳು. ಪಕ್ಕದ ಖಾನಾವಳಿಯಲ್ಲಿ ಉಣ್ಣುತ್ತಿದ್ದವರು ಹೊರಗೆ ಬಂದು ನೋಡಿದರು. ನಮ್ಮ ಮನೆಯ ಪ್ರೀತಿ ಇರುವುದೇ ಹೀಗೆ, ನೋಡುವವರಿಗೆ ಜಗಳ.

ಆಮೇಲೆ ಇದ್ದಕ್ಕಿದ್ದಂತೆ ಅವಳ ದನಿ ಇಳಿಯಿತು. ಎಂಜಿನ್ನಿನತ್ತ ಬಗ್ಗಿ ನಿಂತಿದ್ದಳು.

“ತಮ್ಮಾ, ಒದರೂದು ಬಿಟ್ಟು ಇಲ್ಲಿ ನೋಡು. ಮುಂಜಾನೆ ಬೆಳ್ಳಗ ಹಚ್ಚೇನಿ. ಈ ಈಬತ್ತಿ ಯಾಕ ಕರ್ರಗಾಗೇತಿ? ಏನ್ ಕೇಡು ಕಾದೈತೋ ಏನೋ.”

ಮುಚ್ಚಳ ತೆಗೆದಿಟ್ಟಿದ್ದರಿಂದ ಅವಳು ಬರಿಯ ಮ್ಯಾನಿಫೋಲ್ಡಿನ ಮೇಲೂ, ಟರ್ಬೊ ಕೂರುವ ಕುತ್ತಿಗೆಯ ಹತ್ತಿರ, ಪಟ್ಟೆ ಎಳೆದಿದ್ದಳು. ನೀರಲ್ಲಿ ಕಲಸಿ ಹಚ್ಚಿದ ಈಬತ್ತಿ ಶಾಖಕ್ಕೆ ಒಣಗಿ ಸುಣ್ಣದಂತೆ ಅಂಟಿತ್ತು. ಆ ಬಿಳುಪನ್ನು ಓರೆಯಾಗಿ ಸೀಳಿಕೊಂಡು, ಕಾಡಿಗೆಯ ಕಡ್ಡಿಯಿಂದ ಎಳೆದ ಹಾಗೆ, ಒಂದು ಸಣ್ಣ ಕಪ್ಪು ಗೆರೆ. ಗೆರೆಯ ಒಂದು ಅಂಚಿನಿಂದ ಮಸಿ ಗರಿ ಬಿಚ್ಚಿತ್ತು. ಇಳಕಲ್ಲಿನಿಂದ ಶಾಲೆಗೆ, ಶಾಲೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಗಾಡಿ ತನ್ನ ನೋವನ್ನು ತಾನೇ ಬರೆದು ತೋರಿಸಿತ್ತು.

ಅಕ್ಕ ಅಪಶಕುನ ಎಂದು ಹೆದರಿ ಕೈ ಮುಗಿಯುತ್ತಿದ್ದಳು. ನನಗೆ ಕುಣಿಯುವಷ್ಟು ಸಂತೋಷ. ಸಂದು ಪ್ಯಾಕಿಂಗಿನಲ್ಲಿ ಇರಲೇ ಇಲ್ಲ, ಕಬ್ಬಿಣವೇ ಬಿರುಕು ಬಿಟ್ಟಿತ್ತು. ನಿಂತ ಗಾಡಿಯಲ್ಲಿ ಅದು ಬಾಯಿ ಮುಚ್ಚಿಕೊಂಡಿರುತ್ತದೆ, ಎಳೆತ ಬಿದ್ದಾಗ ತೆರೆಯುತ್ತದೆ. ಅದಕ್ಕೇ ನನ್ನ ಗ್ಯಾರೇಜಿನಲ್ಲಿ ಸಿಕ್ಕಿರಲಿಲ್ಲ, ಬಾಗಲಕೋಟೆಯಲ್ಲಿಯೂ ಸಿಕ್ಕಿರಲಿಲ್ಲ.

“ಕೇಡಲ್ಲ ಬೇ, ಕಳ್ಳ ಸಿಕ್ಕಾನ” ಎಂದೆ. ಅವಳು ನಂಬಲಿಲ್ಲ.

ಎಂಜಿನ್ ಆರಿದ ಮೇಲೆ ಮ್ಯಾನಿಫೋಲ್ಡ್ ಬಿಚ್ಚಲು ಕೂತೆ. ಇಲ್ಲಿ ಜೀವ ಕೈಯಲ್ಲಿ ಹಿಡಿಯಬೇಕು. ಅದನ್ನು ಹಿಡಿದಿರುವ ಸ್ಟಡ್ಡುಗಳು ವರ್ಷಗಟ್ಟಲೆ ಬೆಂದು ತುಕ್ಕು ಹಿಡಿದಿರುತ್ತವೆ. ಒಂದು ಮುರಿದು ಒಳಗೆ ಉಳಿದರೂ ಎಂಜಿನ್ನಿನ ಹೆಡ್ಡನ್ನೇ ಇಳಿಸಬೇಕು, ಸೋಮವಾರ ಅಲ್ಲಿಗೇ ಮುಗಿಯಿತು. ಎಣ್ಣೆ ಬಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ, ಸ್ವಲ್ಪ ಕಾಯಿಸಿ, ಬಿಚ್ಚುವ ಕಡೆಗೆ ಒಂದಿಷ್ಟು, ಬಿಗಿಯುವ ಕಡೆಗೆ ಒಂದಿಷ್ಟು ಆಡಿಸುತ್ತ ಒಂದೊಂದನ್ನೇ ಸಡಿಲಿಸಿದೆ. ಸಿಟ್ಟಿನ ಮನುಷ್ಯ ನಾನು. ಆದರೆ ಸ್ಟಡ್ಡಿನ ಮುಂದೆ ನನ್ನಷ್ಟು ತಾಳ್ಮೆಯವನು ಸಿಗುವುದಿಲ್ಲ. ನನ್ನ ಹೆಂಡತಿಯೂ ಇದನ್ನು ಒಪ್ಪುತ್ತಾಳೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದ. ಕೊನೆಯ ಸ್ಟಡ್ಡು ಕಿರ್ ಎಂದಾಗ ಅಕ್ಕ ಕಣ್ಣು ಮುಚ್ಚಿಕೊಂಡಳು. ಅದೂ ಬಂತು.

ಬಿರುಕು ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಬೇಕಿತ್ತು. ಮ್ಯಾನಿಫೋಲ್ಡನ್ನು ತಿಕ್ಕಿ ಸ್ವಚ್ಛ ಮಾಡಿ, ಡೀಸೆಲ್ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿದೆ. ಆಮೇಲೆ ಅಕ್ಕನ ಕಡೆ ಕೈ ಚಾಚಿ ಈಬತ್ತಿ ಕೇಳಿದೆ. ಅವಳ ಚೀಲದಲ್ಲಿ ಯಾವಾಗಲೂ ಒಂದು ಗಟ್ಟಿ ಇರುತ್ತದೆ. ಕೊಡಲು ಹಿಂದೆಮುಂದೆ ನೋಡಿದಳು.

“ಕಾಲಿಗೆ ತಾಕಸಬ್ಯಾಡ ಮತ್ತ. ಚಪ್ಪಲಿ ಬಿಟ್ಟು ಮಾಡು” ಎಂದಳು.

ಚಪ್ಪಲಿ ಬಿಟ್ಟು, ಗಟ್ಟಿಯನ್ನು ಕೆರೆದು ಒಣ ಪುಡಿಯನ್ನು ಕಬ್ಬಿಣದ ಮೇಲೆ ಉದುರಿಸಿದೆ. ಬಿರುಕಿನೊಳಗೆ ಇಳಿದಿದ್ದ ಡೀಸೆಲ್ ಮೆಲ್ಲಗೆ ಮೇಲೆ ಬಂದು ಬಿಳಿ ಪುಡಿಯನ್ನು ತೋಯಿಸಿತು. ಬಿರುಕಿನ ತಲೆ ಎಲ್ಲಿ, ಬಾಲ ಎಲ್ಲಿ ಎಂಬುದು ಬೆಳಕಿನಲ್ಲಿ ಸ್ಪಷ್ಟವಾಯಿತು. ಕಣ್ಣಿಗೆ ಕಂಡದ್ದಕ್ಕಿಂತ ಬಹಳ ಉದ್ದವಿತ್ತು. ಬರಿಯ ಕಂಡಷ್ಟಕ್ಕೆ ಬೆಸುಗೆ ಹಾಕಿದ್ದರೆ ವಾರದೊಳಗೆ ಮತ್ತೆ ಸೋರುತ್ತಿತ್ತು.

ಶುಕ್ರವಾರ ಅಕ್ಕೋರುಗಳು ಬಸ್ಸಿನಲ್ಲಿ ಹೋದರು. ನಾನು ಬೆಳಗ್ಗೆಯೇ ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದೆ, ಅಲ್ಲಿಂದ ಮುಂದೆ ಅದು ಓಡದಿರಲಿ ಎಂದು. ಬೀಡುಕಬ್ಬಿಣಕ್ಕೆ ಬೆಸುಗೆ ಹಾಕುವುದು ಎಲ್ಲರ ಕೈಗೆ ಒಗ್ಗುವುದಿಲ್ಲ. ಮೊದಲು ಇಡೀ ತುಂಡನ್ನು ಕಾಯಿಸಬೇಕು, ಸ್ವಲ್ಪ ಸ್ವಲ್ಪವೇ ಹಾಕಬೇಕು, ಹಾಕಿದ ಕೂಡಲೇ ತಟ್ಟಬೇಕು. ಎಲ್ಲಕ್ಕಿಂತ ಮುಖ್ಯ, ತಣ್ಣಗಾಗಲು ಅವಸರ ಮಾಡಬಾರದು. ಗಾಳಿ ಬಡಿದರೆ ಟಣ್ ಎಂದು ಪಕ್ಕದಲ್ಲೇ ಇನ್ನೊಂದು ಬಿರುಕು. ಖಾನಾವಳಿಯ ರೊಟ್ಟಿ ಒಲೆಯಿಂದ ಬಿಸಿ ಬೂದಿ ತರಿಸಿ ಡಬ್ಬದಲ್ಲಿ ತುಂಬಿ, ಅದರೊಳಗೆ ಮ್ಯಾನಿಫೋಲ್ಡನ್ನು ಹೂತಿಟ್ಟೆ. ಅಕ್ಕ ಡಬ್ಬದ ಪಕ್ಕದಲ್ಲೇ ಕೂತಿದ್ದಳು. ಮುಚ್ಚಳ ಎತ್ತಿ ನೋಡಲು ಹೋದಾಗಲೆಲ್ಲ ಅವಳ ಕೈಗೆ ಮೆತ್ತಗೆ ಒಂದು ಬಿಟ್ಟೆ.

ಮಧ್ಯಾಹ್ನ ಇಳಿದ ಮೇಲೆ ಹೊರಗೆ ತೆಗೆದೆ. ಬೆಸುಗೆ ಒಂದೇ ಹರಿವಿನಲ್ಲಿ ಕೂತಿತ್ತು. ನನ್ನ ಗ್ಯಾರೇಜಿನಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದು ತುಂಡು ಇದೆ, ಪಾಲಿಶ್ ಮಾಡಿ ಕನ್ನಡಿಯಂತೆ ಸಪಾಟಾದದ್ದು. ಕಾರ್ಖಾನೆಯವರು ಮೂಲೆ ಒಡೆದಿದೆ ಎಂದು ಬಿಸಾಕಿದ್ದನ್ನು ನಾನು ಹೊತ್ತು ತಂದದ್ದು. ಅದರ ಮೇಲೆ ಮ್ಯಾನಿಫೋಲ್ಡನ್ನು ಬೋರಲು ಹಾಕಿದರೆ ಮುಖ ಎಲ್ಲಿ ಡೊಂಕಾಗಿದೆ ಎಂದು ತಕ್ಷಣ ತಿಳಿಯುತ್ತದೆ. ಒಂದು ಕಡೆ ಕಾಗದ ತೂರುವಷ್ಟು ಎದ್ದಿತ್ತು. ಕಲ್ಲಿನ ಮೇಲೆ ಪಾಲಿಶ್ ಕಾಗದ ಹಾಸಿ ಉಜ್ಜಿದೆ. ಭುಜ ಬಿದ್ದುಹೋಗುವಷ್ಟು ಉಜ್ಜಿದ ಮೇಲೆ ಎಲ್ಲಿಯೂ ಕಾಗದ ತೂರಲಿಲ್ಲ. ಹೊಸ ಪ್ಯಾಕಿಂಗ್ ಹಾಕಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಸರದಿಯಂತೆ ಬಿಗಿದು, ಗಾಡಿ ಶುರು ಮಾಡಿ ಕಾಯಿಸಿ, ಆರಿದ ಮೇಲೆ ಮತ್ತೊಮ್ಮೆ ಬಿಗಿದೆ. ಅಕ್ಕ ಗಾಡಿ ತೆಗೆದುಕೊಂಡು ಹೊರಡುವ ಮೊದಲು ಒಂದು ಕರಾರು ಹಾಕಿದಳು.

“ನಾಳಿ ಮುಂಜಾನೆ ನೀ ಇಳಕಲ್ಲಿಗೆ ಬರಬೇಕು. ಗಾಜು ಏರಿಸ್ಕೊಂಡು ಅವರ ಜೋಡಿ ಸಾಲಿತನಾ ಕುಂದರಬೇಕು. ಬರೇ ಬಾಯಿಲೆ ಹೇಳಿದ್ರ ಅವರು ನಂಬೂದಿಲ್ಲ. ನಾನೂ ನಂಬೂದಿಲ್ಲ.”

ಶನಿವಾರ ಮೊದಲ ಬಸ್ಸಿಗೆ ಇಳಕಲ್ಲಿಗೆ ಹೋದೆ. ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಕೂತೆ. ಅಕ್ಕೋರುಗಳು ಒಬ್ಬೊಬ್ಬರೇ ಹತ್ತಿದರು. ಒಬ್ಬರು ಮೂಗಿಗೆ ಕರ್ಚೀಫು ಹಿಡಿದೇ ಹತ್ತಿದರು, ನನಗೆ ಮೈ ಉರಿಯಿತು. ಬಸುರಿ ಅಕ್ಕೋರು ಮುಂದೆ ಕೂತು ಗಾಜು ಅರ್ಧ ಇಳಿಸಿದರು.

“ಏರಿಸ್ರಿ ಅಕ್ಕೋರ. ಇವತ್ತ ಒಂದಿನ ಏರಿಸ್ರಿ” ಎಂದಳು ಅಕ್ಕ. ಕೇಳಿಕೊಂಡ ಹಾಗಿತ್ತು. ಅವಳು ಯಾರ ಹತ್ತಿರವೂ ಹಾಗೆ ಕೇಳಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ಗಾಡಿ ಹೊರಟಿತು. ಎಲ್ಲರೂ ತಮ್ಮ ತಮ್ಮ ತಲೆ ನೋಯುವುದನ್ನೇ ಕಾಯುತ್ತ ಕೂತಂತಿತ್ತು. ನಾನು ಕಿವಿಯೆಲ್ಲ ಎಂಜಿನ್ನಿಗೆ ಕೊಟ್ಟಿದ್ದೆ. ಟರ್ಬೊದ ಸಣ್ಣ ಸುಯ್ ಬಿಟ್ಟರೆ ಇನ್ನೊಂದು ಸದ್ದಿಲ್ಲ. ಏರಿನಲ್ಲಿ ಅಕ್ಕ ಗೇರ್ ಇಳಿಸಲಿಲ್ಲ, ಇಳಿಸುವ ಪ್ರಮೇಯವೇ ಬರಲಿಲ್ಲ. ಹುನಗುಂದ ದಾಟಿದೆವು, ನನ್ನ ಗ್ಯಾರೇಜೂ ಹಿಂದೆ ಹೋಯಿತು. ಇನ್ನು ಸ್ವಲ್ಪ ದೂರ ಎನ್ನುವಾಗ ಹಿರಿಯ ಅಕ್ಕೋರು ಮುಂದಕ್ಕೆ ಬಗ್ಗಿ ಬಸುರಿ ಅಕ್ಕೋರನ್ನು ಕರೆದರು. ಉತ್ತರವಿಲ್ಲ. ಅವರ ತಲೆ ಗಾಜಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ಇನ್ನೊಮ್ಮೆ ಕರೆದರು. ಆಗಲೂ ಇಲ್ಲ.

ಅಕ್ಕ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದಳು. ಆ ಅವಸರದಲ್ಲೂ ಒಂದು ಜರ್ಕು ಇಲ್ಲದೆ ನಿಲ್ಲಿಸಿದಳು, ಅದನ್ನು ನಾನು ಮರೆಯುವುದಿಲ್ಲ. ಇಷ್ಟು ಹೊತ್ತು ಎದೆಯುಬ್ಬಿಸಿ ಕೂತಿದ್ದವನಿಗೆ ಹಿಂದಿನ ಬಾಗಿಲು ಹೇಗೆ ತೆರೆಯುವುದೆಂದೇ ತಿಳಿಯದಾಯಿತು. ಅಕ್ಕ ಅವರ ಭುಜ ಹಿಡಿದು ಅಲುಗಾಡಿಸಿದಳು.

ಅವರು ಕಣ್ಣು ಬಿಟ್ಟರು. ಸುತ್ತ ನೋಡಿದರು. “ಸಾಲಿ ಬಂತೇನ್ರಿ?” ಎಂದರು.

“ಏನಾತ್ರಿ ಅಕ್ಕೋರ? ತಲಿ ತಿರಗಾಕತ್ತೇತೇನ್ರಿ?”

“ತಲಿಗೇನ್ ಆಗೇತಿ? ಹಗರ ಐತಿ. ರಾತ್ರಿಯೆಲ್ಲಾ ಕೂಸು ಒದ್ದು ಒದ್ದು ನಿದ್ದಿ ಮಾಡಾಕ ಬಿಟ್ಟಿಲ್ರಿ. ಇಲ್ಲಿ ಬೆಚ್ಚಗಿತ್ತು, ಕಣ್ಣ ಹತ್ತಿಬಿಟ್ಟುವು.” ಎಲ್ಲರೂ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಅವರಿಗೆ ನಾಚಿಕೆಯಾಯಿತು. “ಯಾಕ್ರಿ, ಗೊರಕಿ ಹೊಡದ್ನೇನ್ರಿ?”

ಕರ್ಚೀಫು ಹಿಡಿದಿದ್ದ ಅಕ್ಕೋರು ಮೊದಲು ನಕ್ಕರು. ಆಮೇಲೆ ಗಾಡಿಯೇ ಅಲುಗಾಡುವಂತೆ ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಗೇರ್ ಹಾಕಿ ಗಾಡಿ ರಸ್ತೆಗೆ ತಂದಳು.

ಶಾಲೆಯ ಗೇಟಿನಲ್ಲಿ ಒಬ್ಬೊಬ್ಬರೇ ಇಳಿದರು. ಬಸುರಿ ಅಕ್ಕೋರು ಬಾಗಿಲು ಹಿಡಿದುಕೊಳ್ಳದೆ ಇಳಿದು ನೆಟ್ಟಗೆ ನಡೆದು ಹೋದರು. ಹಿರಿಯ ಅಕ್ಕೋರು ಎರಡು ಹೆಜ್ಜೆ ಹೋದವರು ತಿರುಗಿ ಬಂದು ಅಕ್ಕನ ಕಿಟಕಿಯ ಹತ್ತಿರ ನಿಂತರು.

“ಅಕ್ಕಾರ, ಸೋಮವಾರ ಒಂದೀಟು ಲಗೂನ ಬರ್ರಿ. ಹುಡುಗೋರ ಪರೀಕ್ಷಿ ಅದಾವು.”

“ಹೂನ್ರಿ” ಎಂದಳು ಅಕ್ಕ.

ಅವರು ಒಳಗೆ ಹೋದ ಮೇಲೆ ನಾನು ಹಿಂದಿನ ಸೀಟಿನಿಂದ ಮುಂದಕ್ಕೆ ಬಂದು ಕೂತೆ. ಅಕ್ಕ ಎಂಜಿನ್ ಶುರು ಮಾಡದೆ ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

“ಅಳಾಕತ್ತೀಯೇನು?” ಎಂದೆ.

“ಸುಮ್ಮ ಕುಂದ್ರೋ” ಎಂದಳು. “ಸೋಮವಾರ ಲಗೂನ ಬರ್ರಿ ಅಂದ್ರು. ಕೇಳಿದಿಲ್ಲೋ?”